ವೈನಿಯ ದೊಡ್ಡ ಫಿಲ್ಮು

ಮೂಡಲಗಿಯ ಫೋಟೋ ವೈನಿ ತೀರಿಕೊಂಡ ಸುದ್ದಿಯನ್ನು ಕಲ್ಲೋಳಿಯಿಂದ ನನ್ನ ಭಾವಮೈದುನ ಫೋನ್ ಮಾಡಿ ಹೇಳಿದಾಗ ನನ್ನ ಬಾಯಿಂದ ಮೊದಲು ಬಂದ ಮಾತು, "ಅವರ ಕ್ಯಾಮೆರಾ ಯಾರ ಕಡೆ ಹೋತು?" ಎಂದು. ಅಡುಗೆಮನೆಯಲ್ಲಿದ್ದ ಹೆಂಡತಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಮೊದಲ ಅಯ್ಯೋ ಅನ್ರಿ. ಕ್ಯಾಮೆರಾ ಆಮ್ಯಾಲೆ ಕೇಳಾಕ ಬರತೈತಿ," ಅಂದಳು. ನಾನು ಅಯ್ಯೋ ಅಂದೆ. ಆದರೆ ಮನಸ್ಸು ಕ್ಯಾಮೆರಾ ಬಿಟ್ಟು ಕದಲಲಿಲ್ಲ. ಎರಡು ದಿನದ ಮೇಲೆ ವಿಚಾರಿಸಿ ತಿಳಿದುಕೊಂಡೆ. ಹಳೆಯದು ಮಗನ ಮನೆಯ ಗಾಜಿನ ಕಪಾಟು ಸೇರಿದೆ, ಹೊಸದು ಸಾಂಗ್ಲಿಯ ತವರಿನ ಯಾವುದೋ ಹುಡುಗನಿಗೆ ಹೋಗಿದೆ. ನನಗೆ ಕೊಡಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಅನ್ನಿಸಲು ಕಾರಣವೂ ಇರಲಿಲ್ಲ ಅನ್ನಿ.

ಸತ್ತವರ ಬಗ್ಗೆ ಬರೆಯಲು ಕುಳಿತವರು ಹುಡುಕಿ ಹುಡುಕಿ ನಾಲ್ಕು ಒಳ್ಳೆಯ ಮಾತು ಬರೆಯುತ್ತಾರೆ. ವೈನಿಯ ವಿಷಯದಲ್ಲಿ ಹುಡುಕಬೇಕಾಗಿಯೇ ಇಲ್ಲ, ನನ್ನ ಸಂಕಟವೇ ಅದು. ಹದಿನೈದು ಇಪ್ಪತ್ತು ವರ್ಷ ನಾನು ಈ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಅವರ ಸ್ಟುಡಿಯೋ ಮೂಡಲಗಿಯಲ್ಲಿ, ನನ್ನದು ಗೋಕಾಕದಲ್ಲಿ. ನಡುವೆ ಬಸ್ಸಿನಲ್ಲಿ ಒಂದು ತೂಕಡಿಕೆಯಷ್ಟು ದಾರಿ. ಆ ದಾರಿ ಇನ್ನೂ ಉದ್ದ ಇದ್ದಿದ್ದರೆ ನನ್ನ ಆರೋಗ್ಯಕ್ಕೆ ಒಳ್ಳೆಯದಿತ್ತು.

ಅವರಿಗೊಂದು ಹೆಸರು ಇದ್ದೇ ಇತ್ತು, ಆದರೆ ಯಾರೂ ಅದನ್ನು ಬಳಸುತ್ತಿರಲಿಲ್ಲ. ಸಾಂಗ್ಲಿ ಕಡೆಯ ಜೈನರ ಮನೆಯಿಂದ ಮದುವೆಯಾಗಿ ಮೂಡಲಗಿಗೆ ಬಂದವರು. ಗಂಡನಿಗೆ ಪೇಟೆಯಲ್ಲಿ ಕಾಳುಕಡಿಯ ಅಂಗಡಿ. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಎನ್ನುತ್ತಾರೆ. ಗಂಡನ ಗೆಳೆಯರು ಹಾಗೆ ಕರೆದರು, ಗೆಳೆಯರ ಮನೆಯವರು ಕರೆದರು, ಕೊನೆಗೆ ಊರೇ ಕರೆಯಿತು. ತಂದೆಗೆ ಸಾಂಗ್ಲಿಯಲ್ಲಿ ಸ್ಟುಡಿಯೋ ಇತ್ತು. ಮಗಳ ಮದುವೆಯಲ್ಲಿ ಪಾತ್ರೆಪಗಡದ ಜೊತೆಗೆ ಒಂದು ಕ್ಯಾಮೆರಾವನ್ನೂ ಕಟ್ಟಿ ಕಳಿಸಿದ್ದರು. ಒಂದರ ಮೇಲೊಂದು ಎರಡು ಕಣ್ಣಿದ್ದ, ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಹಳೆಯ ಡಬ್ಬಿ ಅದು. ಗಂಡ ಅಂಗಡಿಯ ಮುಂದಿನ ಖೋಲಿಯನ್ನು ಬಿಟ್ಟುಕೊಟ್ಟರು. ಹಿಂದೆ ಕಡಲೆ, ಹೆಸರು, ಹುರುಳಿ, ಮುಂದೆ ಫೋಟೋ.

ಕುಳ್ಳಗಿನ ಹೆಂಗಸು. ಹತ್ತಿ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ದಪ್ಪ ಕನ್ನಡಕವನ್ನು ಕರಿ ದಾರದಲ್ಲಿ ಕೊರಳಿಗೆ ಇಳಿಬಿಟ್ಟುಕೊಂಡು ಬರುತ್ತಿದ್ದರು. ಎಲ್ಲಿಗೆ ಹೋದರೂ ಒಂದು ಸ್ಟೂಲು ಕೇಳಿ ಪಡೆದು ಅದರ ಮೇಲೆ ಹತ್ತಿ ನಿಲ್ಲುತ್ತಿದ್ದರು. ವಿನಯ ಅನ್ನುವುದು ಅವರ ಹತ್ತಿರ ಸುಳಿದಿರಲಿಲ್ಲ. ಬಸ್ಸಿನಲ್ಲಿ ಮುಂದಿನ ಸೀಟೇ ಬೇಕು, ಕ್ಯಾಮೆರಾ ಚೀಲ ತೊಡೆಯ ಮೇಲೇ ಇರಬೇಕು. ಒಮ್ಮೆ ಕಂಡಕ್ಟರ್, "ಅಕ್ಕಾರ, ಮಂದಿ ಭಾಳ ಐತಿ, ಚೀಲಾ ಕೆಳಗ ಇಡ್ರಿ," ಅಂದ. "ನಿನ್ನ ಕೂಸಿನ್ನ ಬಸ್ಸಿನಾಗ ಕೆಳಗ ಇಡತೀಯೇನೋ ತಮ್ಮಾ?" ಎಂದು ಕೇಳಿ ಕಿಟಕಿಯ ಕಡೆ ಮುಖ ತಿರುಗಿಸಿದರು. ನಾನು ಅದೇ ಬಸ್ಸಿನಲ್ಲಿ ನನ್ನ ಚೀಲವನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ನಿಂತಿದ್ದೆ.

ಫೋಟೋ ತೆಗೆಸಿಕೊಳ್ಳುವವರಿಗೆ ನಗಿರಿ ಎಂದು ಹೇಳುವುದು ನಮ್ಮ ಕಸುಬಿನ ಮೊದಲ ಪಾಠ. ವೈನಿ ಅದನ್ನು ಎಂದೂ ಹೇಳಿದವರಲ್ಲ. "ಉಸರ ಬಿಡ್ರಿ. ನಿಮ್ಮನ್ನ ಯಾರೂ ಪೊಲೀಸ್ರಿಗಿ ಹಿಡದ ಕೊಡಾಕತ್ತಿಲ್ಲ," ಅನ್ನುತ್ತಿದ್ದರು. ಅದಕ್ಕೂ ಬಗ್ಗದವರಿಗೆ ಹಿಂದಿನ ಅಂಗಡಿಯಿಂದ ಒಂದು ಮೊರದ ತುಂಬ ಶೇಂಗಾ ತಂದು ಮುಂದಿಡುತ್ತಿದ್ದರು. "ಸುಲೀರಿ, ನಂಗ ಇನ್ನೂ ಹೊತ್ತೈತಿ." ಸುಲಿಯುತ್ತ ಸುಲಿಯುತ್ತ ಆ ಮನುಷ್ಯ ತಾನು ಎಲ್ಲಿದ್ದೇನೆ ಅನ್ನುವುದನ್ನೇ ಮರೆತಾಗ, "ಇಲ್ಲಿ ನೋಡ್ರಿ," ಅನ್ನುವರು. ಕತ್ತು ಮೇಲೆತ್ತಿದ ಆ ಕ್ಷಣಕ್ಕೆ ಒಂದು ಸಣ್ಣ ಸದ್ದು. ಮುಗಿಯಿತು. ಶೇಂಗಾ ಸುಲಿಸಿಕೊಂಡು ಹಣವನ್ನೂ ತೆಗೆದುಕೊಳ್ಳುತ್ತಾರೆ ಎಂದು ನಾನು ಗೋಕಾಕದಲ್ಲಿ ಆಡಿಕೊಂಡು ತಿರುಗಿದೆ. ಜನ ನಕ್ಕರು. ನಕ್ಕು, ಮೂಡಲಗಿಯ ಬಸ್ಸು ಹತ್ತಿದರು.

ಮೊದಲ ಸಲ ನಾವಿಬ್ಬರೂ ಎದುರುಬದುರಾದದ್ದು ತೊಂಬತ್ತರ ದಶಕದ ಶುರುವಿನಲ್ಲಿ, ಕಲ್ಲೋಳಿಯ ಒಂದು ಮದುವೆಯಲ್ಲಿ. ಹೆಣ್ಣಿನ ಕಡೆಯವರಿಗೆ ಒಬ್ಬ ಫೋಟೋದವನು, ಗಂಡಿನ ಕಡೆಯವರಿಗೆ ಇನ್ನೊಬ್ಬ, ಹೀಗೆ ಇಬ್ಬರನ್ನು ಕರೆಯುವುದು ನಮ್ಮಲ್ಲಿ ಆಗ ರೂಢಿ. ಹೆಣ್ಣಿನವರು ನನ್ನನ್ನು ಕರೆದಿದ್ದರು. ನನ್ನದು ಆಗಿನ ಕಾಲಕ್ಕೆ ಹೊಸ ಕ್ಯಾಮೆರಾ, ಸಣ್ಣ ಫಿಲ್ಮಿನದು. ಒಂದು ರೋಲಿಗೆ ಮೂವತ್ತಾರು ಫೋಟೋ. ಹುಲ್ಲು ಮೇಯುವ ಕುರಿಯಂತೆ ಎಡೆಬಿಡದೆ ತೆಗೆಯುತ್ತ ಹೋದೆ. ವೈನಿಯದು ಒಂದು ರೋಲಿಗೆ ಹನ್ನೆರಡೇ. ಅವರು ಸ್ಟೂಲಿನ ಮೇಲೆ ನಿಂತು, ತಲೆ ಬಗ್ಗಿಸಿ, ಡಬ್ಬಿಯೊಳಗೆ ನೋಡುತ್ತ ಕಾಯುತ್ತಿದ್ದರು. ಆಗ ನನಗೆ ಒಂದು ವಿಷಯ ಕಾಣಿಸಿತು. ನಾನು ಕಣ್ಣಿಗೆ ಕ್ಯಾಮೆರಾ ಹಿಡಿದ ಕೂಡಲೇ ಹೆಂಗಸರು ಸೆರಗು ಎಳೆದುಕೊಳ್ಳುತ್ತಿದ್ದರು, ನೆಲ ನೋಡುತ್ತಿದ್ದರು. ವೈನಿ ಬಗ್ಗಿದಾಗ, ಅವರೇ ಯಾರಿಗೋ ನಮಸ್ಕಾರ ಮಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಹೆಂಗಸರು ಆರಾಮಾಗಿ ನಿಲ್ಲುತ್ತಿದ್ದರು.

"ಎಷ್ಟ ಆದೂರಿ ಅಣ್ಣಾರ?" ಎಂದು ಮದುವೆ ಮುಗಿದ ಮೇಲೆ ಕೇಳಿದರು. ನಾನು ಹೆಮ್ಮೆಯಿಂದ ಮೂರು ರೋಲು ಅಂದೆ. "ಅಗ ಬಾಯಿ," ಎಂದು ತವರಿನ ಮರಾಠಿಯಲ್ಲಿ ಬೆರಗುಪಟ್ಟರು. "ಹಂಗಾರ ಯಾವದರ ಒಂದ ಚೊಲೋ ಬಂದಿರತೈತಿ ಬಿಡ್ರಿ," ಅಂದರು. ಆವತ್ತಿನಿಂದ ನಾನು ಅವರ ಬಾಯಲ್ಲಿ ಮೂವತ್ತಾರ ಅಣ್ಣ ಆದೆ. ನಾನು ಬಿಟ್ಟೆನೇ, ಅವರಿಗೆ ಡಝನ್ ವೈನಿ ಎಂದು ಹೆಸರಿಟ್ಟೆ. ನನ್ನ ಹೆಸರು ಹತ್ತು ಊರಿಗೆ ಹಬ್ಬಿತು. ನಾನಿಟ್ಟ ಹೆಸರು ನನ್ನ ಸ್ಟುಡಿಯೋದ ಬಾಗಿಲು ದಾಟಲಿಲ್ಲ.

ಆರು ತಿಂಗಳ ಮೇಲೆ ಬೇರೆ ಕೆಲಸಕ್ಕೆ ಹೋದವನು ಆ ಕಲ್ಲೋಳಿಯ ಮನೆಗೆ ಚಹಕ್ಕೆ ಹೋದೆ. ಪಡಸಾಲೆಯ ಗೋಡೆಗೆ ಮದುವೆಯ ಗುಂಪಿನ ಫೋಟೋವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ತೂಗುಹಾಕಿದ್ದರು. ಅದೇ ಗುಂಪು, ಅದೇ ಚಪ್ಪರ, ನಾನೂ ತೆಗೆದಿದ್ದೆ. ಗೋಡೆಯ ಮೇಲಿದ್ದದ್ದು ವೈನಿಯದು. ನನ್ನದನ್ನೂ ದೊಡ್ಡದು ಮಾಡಿಸಿ ನೋಡಿದ್ದರಂತೆ. ಮನೆಯ ಹಿರಿಯ ಹೆಂಗಸು ಒಳಗಿನಿಂದ ತಂದು ತೋರಿಸಿದರು. ನನ್ನ ಫೋಟೋದಲ್ಲಿ ಮುಖಗಳ ಮೇಲೆ ರವೆ ಚೆಲ್ಲಿದಂತಿತ್ತು. ಅಜ್ಜಿಯ ಮೂಗುತಿ ಎಲ್ಲಿ ಮುಗಿಯಿತು, ಮೂಗು ಎಲ್ಲಿ ಶುರುವಾಯಿತು ಗೊತ್ತಾಗುತ್ತಿರಲಿಲ್ಲ. "ನೀವು ತಗದದ್ದೂ ಚೊಲೋನ ಐತ್ರಿ. ಖರೆ ಇದರಾಗ ನಮ್ಮ ಬೋರಮಾಳ ಕಾಣತೈತಿ," ಅಂದರು ಆಕೆ, ನನ್ನ ಮುಖ ನೋಡಿ ಮರುಗುವವರಂತೆ. ನಾನು ಎದ್ದು ಗೋಡೆಯ ಹತ್ತಿರ ಹೋದೆ. ಬೋರಮಾಳ ಮಾತ್ರವಲ್ಲ, ಅದರ ಒಂದೊಂದು ಚಿನ್ನದ ಗುಂಡೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ಚಹ ಆರಿಹೋಯಿತು.

ಮಾಟವಲ್ಲ, ಮಂತ್ರವಲ್ಲ. ನನ್ನ ಫಿಲ್ಮಿನ ಒಂದು ಚೌಕ ಅಂಚೆಚೀಟಿಯಷ್ಟು, ವೈನಿಯದು ದೊಡ್ಡ ಬಿಸ್ಕೀಟಿನಷ್ಟು. ನನ್ನದರ ನಾಲ್ಕು ಪಟ್ಟು ಜಾಗ. ಸಣ್ಣದನ್ನು ಗೋಡೆಯಷ್ಟು ಹಿಗ್ಗಿಸಿದರೆ ಅದರ ಕಾಳುಗಳೂ ಹಿಗ್ಗುತ್ತವೆ. ದೊಡ್ಡದನ್ನು ಅಷ್ಟು ಹಿಗ್ಗಿಸಬೇಕಾಗಿಯೇ ಇಲ್ಲ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು, ಆದರೆ ಅಂಚೆಚೀಟಿಯಷ್ಟು ಫಿಲ್ಮು ಆಲ್ಬಮ್ಮಿನ ಫೋಟೋಗೆ ಸಾಕು, ಗೋಡೆಗೆ ಯಾರು ಹಾಕಿಸುತ್ತಾರೆ ಎಂದುಕೊಂಡಿದ್ದೆ. ನಮ್ಮ ಕಡೆಯವರು ಎಲ್ಲವನ್ನೂ ಗೋಡೆಗೇ ಹಾಕಿಸುತ್ತಾರೆ ಅನ್ನುವುದನ್ನು ಗೋಕಾಕದಲ್ಲೇ ಹುಟ್ಟಿದ ನಾನು ಮರೆತಿದ್ದೆ, ಸಾಂಗ್ಲಿಯಿಂದ ಬಂದವರು ಮರೆತಿರಲಿಲ್ಲ.

ಹೊಟ್ಟೆಕಿಚ್ಚಿನವನು ಸುಮ್ಮನೆ ಕೂರುವುದಿಲ್ಲ. ಬೆಳಗಾವಿಯಲ್ಲಿ ಯಾವುದೋ ಸ್ಟುಡಿಯೋ ಮುಚ್ಚಿದಾಗ ಅಂಥದೇ ಎರಡು ಕಣ್ಣಿನ ಡಬ್ಬಿಯನ್ನು ತಂದೆ. ಕೌಜಲಗಿಯ ಮದುವೆಗೆ ಅದನ್ನೇ ಹೊತ್ತುಕೊಂಡು ಹೋದೆ. ಆ ಡಬ್ಬಿಯೊಳಗೆ ಬಗ್ಗಿ ನೋಡಿದರೆ ಕನ್ನಡಿಯಲ್ಲಿ ನೋಡಿದಂತೆ, ಎಡ ಬಲ ಅದಲು ಬದಲು. ಗುಂಪು ಒಂದು ಕಡೆ ಸರಿಯಿತು ಎಂದು ನಾನು ಇನ್ನೊಂದು ಕಡೆ ತಿರುಗಿಸಿದೆ, ಅದು ಮತ್ತಷ್ಟು ಸರಿಯಿತು. "ಈ ಕಡೆ ಬರ್ರಿ" ಅಂದರೆ ಜನ ಆ ಕಡೆ ಹೋದಂತೆ ಕಾಣುತ್ತಿತ್ತು. ಬೆವರು ಇಳಿಯಿತು. ಕೊನೆಗೆ ಫಿಲ್ಮು ತೊಳೆದು ನೋಡಿದರೆ ಮದುಮಗನ ಸೋದರತ್ತೆ ಅರ್ಧವೇ ಬಂದಿದ್ದರು. ಬಂದ ಅರ್ಧ ಬಹಳ ಸ್ಪಷ್ಟವಾಗಿತ್ತು, ಸೀರೆಯ ನೂಲು ಕೂಡ ಕಾಣುತ್ತಿತ್ತು. ಅದರಿಂದ ಆ ಅತ್ತೆಯ ಸಿಟ್ಟು ಇಳಿಯಲಿಲ್ಲ. ಕೌಜಲಗಿಯಲ್ಲಿ ಇವತ್ತಿಗೂ ನನ್ನನ್ನು ಅರ್ಧ ಅತ್ತಿ ಫೋಟೋದವ ಎಂದೇ ಗುರುತಿಸುತ್ತಾರೆ. ಡಬ್ಬಿಯನ್ನು ಮಾರಿದೆ.

ಆಮೇಲೆ ಡಿಜಿಟಲ್ ಬಂತು. ದೇವರು ಕೊನೆಗೂ ನನ್ನ ಕಡೆ ನೋಡಿದ ಅಂದುಕೊಂಡೆ. ಗೋಕಾಕದಲ್ಲಿ ಮೊದಲು ಕೊಂಡವರಲ್ಲಿ ನಾನೊಬ್ಬ. ಎಂಟು ಮೆಗಾಪಿಕ್ಸೆಲ್. ಸ್ಟುಡಿಯೋದ ಬೋರ್ಡಿನ ಮೇಲೆ ನನ್ನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಆ ಎಂಟನ್ನು ಬರೆಸಿದೆ. ಮೆಗಾಪಿಕ್ಸೆಲ್ ಅಂದರೆ ಏನೆಂದು ಜನಕ್ಕೆ ಗೊತ್ತಿರಲಿಲ್ಲ, ನನಗೂ ಪೂರ್ತಿ ಗೊತ್ತಿರಲಿಲ್ಲ, ಆದರೆ ಎಂಟು ಏಳಕ್ಕಿಂತ ಹೆಚ್ಚು ಅನ್ನುವುದು ಎಲ್ಲರಿಗೂ ಗೊತ್ತಿತ್ತು. ವೈನಿ ಇನ್ನೂ ಫಿಲ್ಮು ಸುತ್ತುತ್ತಿದ್ದರು. ಆ ಒಂದು ವರ್ಷ ನಾನು ಹೊಟ್ಟೆ ತುಂಬ ಉಂಡೆ, ಕಣ್ಣು ತುಂಬ ನಿದ್ದೆ ಮಾಡಿದೆ.

ವರ್ಷ ಕಳೆದ ಮೇಲೆ ಒಂದು ದಿನ ಫೋಟೋ ಪ್ರಿಂಟು ಹಾಕಿಸುವ ಲ್ಯಾಬಿನಲ್ಲಿ ವೈನಿ ಸಿಕ್ಕರು. ಕೊರಳಲ್ಲಿ ದಪ್ಪಗಿನ, ಕರಿ, ಹೊಸ ಕ್ಯಾಮೆರಾ. ಹತ್ತಿರ ಹೋಗಿ ಮೊದಲು ಅಂಕಿ ಕೇಳಿದೆ.

"ಆರ ಐತ್ರಿ," ಅಂದರು.

ನಾನು ನಗು ತಡೆದುಕೊಳ್ಳಲಿಲ್ಲ. "ನಂದು ಎಂಟ ಐತ್ರಿ ವೈನಿ. ಕೊಳ್ಳೂ ಮುಂದ ನನ್ನ ಒಂದ ಮಾತ ಕೇಳಬಾರದಿತ್ತೇನ್ರಿ?"

"ತೋರಸ್ರಿ ನಿಮ್ಮದ," ಅಂದು ನನ್ನ ಕ್ಯಾಮೆರಾವನ್ನು ಕೈಗೆ ತೆಗೆದುಕೊಂಡರು. ಅಂಗೈಯಲ್ಲಿಟ್ಟು, ಸಂತೆಯಲ್ಲಿ ಬದನೆಕಾಯಿ ತೂಗಿ ನೋಡುವವರಂತೆ ಒಮ್ಮೆ ತೂಗಿದರು. "ಅಣ್ಣಾರ, ಇದರ ಒಳಗ ಬೆಳಕ ಬೀಳೂ ಜಾಗಾ ಎಷ್ಟೈತಿ ಗೊತ್ತೇನ್ರಿ? ನನ್ನ ಕಿರಿಬೆರಳಿನ ಉಗರಿನಷ್ಟ. ಅಷ್ಟರಾಗ ಎಂಟ ಮಂದಿನ್ನ ಕುಂಡ್ರಿಸ್ಯಾರ. ಒಂದ ಹೊರಸಿನ ಮ್ಯಾಲೆ ಎಂಟ ಮಂದಿ ಮಲಕೊಂಡ್ರ ಯಾರಿಗಿ ನಿದ್ದಿ ಹತ್ತತೈತಿ? ಒಬ್ಬರನ್ನೊಬ್ಬರು ಒದ್ಯಾಡತಾರ. ನನ್ನ ಕಡೆ ಆರ ಮಂದಿ ಇದ್ರೂ ಅಂಗಳದಾಗ ಮಲಗ್ಯಾರ್ರಿ."

ಲ್ಯಾಬಿನವನು ನಕ್ಕ. "ಹಗಲಿನಾಗ ನಂದೂ ಚೊಲೋ ಬರತಾವ್ರಿ," ಅಂದೆ.

"ಹಗಲಿನಾಗ ಎಲ್ಲಾರದೂ ಚೊಲೋ ಬರತಾವ," ಅಂದು ಕ್ಯಾಮೆರಾ ವಾಪಸು ಕೊಟ್ಟರು.

ಅವರು ಹೇಳಿದ್ದು ಖರೆ ಎಂದು ನನಗೆ ಆ ಮದುವೆ ಸುಗ್ಗಿಯಲ್ಲೇ ಗೊತ್ತಾಯಿತು. ಬಿಸಿಲಿನಲ್ಲಿ ನನ್ನ ಎಂಟು ಚೆನ್ನಾಗಿಯೇ ದುಡಿಯಿತು. ಮಂಗಲ ಕಾರ್ಯಾಲಯದ ಒಳಗೆ ಹೋದ ಕೂಡಲೇ ಮದುಮಗಳ ಅರಿಸಿನದ ಮುಖದ ಮೇಲೆ ಕೆಂಪು ಹಸಿರು ಚುಕ್ಕೆಗಳು ಮುತ್ತಿಕೊಳ್ಳುತ್ತಿದ್ದವು. ಫ್ಲ್ಯಾಶ್ ಹಾಕಿದರೆ ಮುಖ ಸುಣ್ಣ ಬಳಿದ ಗೋಡೆ. ಇನ್ನೊಂದು ತೊಂದರೆಯೂ ಇತ್ತು. ಕ್ಯಾಮೆರಾದೊಳಗೆ ಬೆಳಕು ಬೀಳುವ ಜಾಗ ಸಣ್ಣದಾದರೆ ಹತ್ತಿರದ್ದೂ ದೂರದ್ದೂ ಎಲ್ಲ ಒಂದೇ ಸಮನೆ ಸ್ಪಷ್ಟ ಬರುತ್ತದೆ. ಮದುಮಗಳಷ್ಟೇ ಸ್ಪಷ್ಟವಾಗಿ ಅವಳ ಹಿಂದಿನ ನೀರಿನ ಡ್ರಮ್ಮು, ಡ್ರಮ್ಮಿನ ಮೇಲಿನ ಲೋಟ. ವೈನಿಯ ಫೋಟೋಗಳಲ್ಲಿ ಹಿಂದಿನದೆಲ್ಲ ಕರಗಿ ಹೋಗಿ ಮುಖ ಒಂದೇ ಮುಂದೆ ಬರುತ್ತಿತ್ತು. ಇದನ್ನೆಲ್ಲ ತಿಳಿದೂ ನಾನು ಬೋರ್ಡು ಬದಲಿಸಲಿಲ್ಲ.

ಆ ಹೊತ್ತಿಗೆ ನನ್ನ ಮಗಳು ಮದುವೆಯ ವಯಸ್ಸಿಗೆ ಬಂದಿದ್ದಳು. ಗೋಕಾಕದಲ್ಲೇ ಸಣ್ಣ ಮಕ್ಕಳ ಸಾಲೆಯಲ್ಲಿ ಟೀಚರ್. ಒಬ್ಬಳೇ ಮಗಳು. ಗಂಡಿನ ಕಡೆಯವರಿಗೆ ಕಳಿಸುವ ಫೋಟೋವನ್ನು ಅಪ್ಪನಲ್ಲದೆ ಇನ್ನಾರು ತೆಗೆಯಬೇಕು? ಸ್ಟುಡಿಯೋದಲ್ಲಿ ನಿಲ್ಲಿಸಿ, ಗದ್ದ ಮೇಲೆ ಮಾಡು, ಭುಜ ಇಳಿಸು, ನಗು, ಇಷ್ಟಲ್ಲ, ಸ್ವಲ್ಪ ನಗು ಎಂದು ಅರ್ಧ ದಿನ ಕಾಡಿ ತೆಗೆದೆ. ಫೋಟೋ ಹೋದಲ್ಲೆಲ್ಲ ಮರಳಿ ಬಂತು. ಕೆಲವರು ಜಾತಕ ಕೂಡಲಿಲ್ಲ ಅಂದರು, ಕೆಲವರು ಏನೂ ಅನ್ನಲಿಲ್ಲ. ನಾನು ಜಾತಕವನ್ನು ಬೈದೆ, ಗಂಡಿನವರನ್ನು ಬೈದೆ. ಹೆಂಡತಿ ಒಂದು ರವಿವಾರ ಮಗಳನ್ನು ಕರೆದುಕೊಂಡು ತಮ್ಮನ ಮನೆಗೆಂದು ಕಲ್ಲೋಳಿಗೆ ಹೋಗಿಬಂದಳು.

ತಿಂಗಳೊಪ್ಪತ್ತಿನಲ್ಲಿ ಹುಕ್ಕೇರಿ ತಾಲೂಕಿನ ಘೋಡಗೇರಿಯಿಂದ ಒಂದು ಮನೆಯವರು ಹೆಣ್ಣು ನೋಡಲು ಬಂದರು. ಹುಡುಗ ಹೈಸ್ಕೂಲು ಮಾಸ್ತರ, ತಂದೆ ಒಕ್ಕಲುತನದವರು, ಬಿಚ್ಚುಮನಸ್ಸಿನ ಮನುಷ್ಯ. ಅವಲಕ್ಕಿ ತಿನ್ನುತ್ತ ಅವರು ಅಂಗಿಯ ಕಿಸೆಯಿಂದ ಒಂದು ಫೋಟೋ ಹೊರಗೆ ತೆಗೆದರು. "ನೋಡ್ರಿ, ಈ ಫೋಟೋ ನೋಡೇ ನಾವು ಬಂದಿದ್ದು. ಭಾಳ ಛಂದ ತಗದೀರಿ. ಸ್ವಂತ ಮಗಳಂದ್ರ ಕೈ ಹಂಗ ನಡೀತೈತಿ."

ನಾನು ಫೋಟೋ ನೋಡಿದೆ. ನನ್ನ ಮಗಳು. ಕಿಟಕಿಯ ಬೆಳಕು ಒಂದು ಕೆನ್ನೆಯ ಮೇಲೆ. ಹಿಂದೆ ಏನಿದೆ ಎಂದು ಹೇಳಲು ಬಾರದ ಹಾಗೆ ಎಲ್ಲ ಕರಗಿದೆ. ಯಾರೋ ಕರೆದರು ಎಂದು ಕತ್ತೆತ್ತಿದವಳ ಮುಖ, ಸಣ್ಣವಳಿದ್ದಾಗ ಸಾಲೆಯಿಂದ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳಲ್ಲ, ಆ ಮುಖ. ಎರಡು ಉಸಿರಿಗೆ ನನಗೆ ಎಲ್ಲ ತಿಳಿಯಿತು. ಕಲ್ಲೋಳಿಯ ಬಸ್ಸು ಎಲ್ಲಿಯವರೆಗೆ ಹೋಗಿತ್ತು, ಯಾರ ಮೊರದ ಶೇಂಗಾ ಸುಲಿದು ಬಂದರು, ಎಲ್ಲ. ಎದುರಿನವರು ನನ್ನ ಕಡೆಯೇ ನೋಡುತ್ತಿದ್ದರು. ಹೌದು ಅನ್ನಲೋ ಅಲ್ಲ ಅನ್ನಲೋ ತಿಳಿಯದೆ ಬಾಯಲ್ಲಿದ್ದ ಅವಲಕ್ಕಿ ಅಗಿಯುತ್ತ ಕುಳಿತೆ.

ಬಾಗಿಲ ಹಿಂದಿನಿಂದ ಹೆಂಡತಿಯೇ ಹೇಳಿದಳು. "ಅದನ್ನ ಮೂಡಲಗಿ ವೈನ್ಯಾರು ತಗದಾರ್ರಿ."

ಘೋಡಗೇರಿಯವರು ಅದರಲ್ಲೇನೂ ತಪ್ಪು ಕಾಣಲಿಲ್ಲ. "ಹಂಗೇನ್ರಿ? ಭಾಳ ಚೊಲೋ ಆತು. ಮದುವಿಗೂ ಅವರನ್ನ ಕರೀರಿ. ನೀವು ಹೆಣ್ಣಿನ ಅಪ್ಪ, ಆವತ್ತ ನಿಮಗ ಕ್ಯಾಮೆರಾ ಹಿಡಿಯಾಕ ಎಲ್ಲಿ ಬರತೈತಿ," ಅಂದರು. ಮದುವೆ ಅಲ್ಲೇ ಗಟ್ಟಿಯಾಯಿತು. ಎಲ್ಲರೂ ಸಕ್ಕರೆ ಹಂಚಿಕೊಂಡು ತಿಂದರು. ನನಗೂ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಸಂತೋಷ ನನ್ನ ಕೈಯಿಂದ ಬಂದದ್ದಾಗಿರಲಿಲ್ಲ.

ಅವರು ಹೋದ ಮೇಲೆ ಹೆಂಡತಿಯೊಡನೆ ಜಗಳ ತೆಗೆದೆ. ಅವಳು ತಟ್ಟೆ ಎತ್ತಿಡುತ್ತ ಹೇಳಿದಳು: "ನಿಮ್ಮ ಫೋಟೋದಾಗ ಆಕಿ ಹಿಂದಿನ ಕ್ಯಾಲೆಂಡರ್ ಕಾಣತೈತ್ರಿ, ತಾರೀಖ ಸೈತ ಓದಾಕ ಬರತೈತಿ. ನನ್ನ ಮಗಳ ಕಾಣೂದಿಲ್ಲ." ಮಗಳು ಮಾತ್ರ ನನ್ನ ಹತ್ತಿರ ಬಂದು ಕುಳಿತು, "ಅಪ್ಪಾ, ಸಿಟ್ಟಾಗಬ್ಯಾಡ. ನೀ ತಗದದ್ದ ನನ್ನ ಕಡೆ ಇಟಗೋತೀನಿ," ಅಂದಳು. ಅದನ್ನು ಕೇಳಿ ಹೊಟ್ಟೆ ಇನ್ನಷ್ಟು ಉರಿಯಿತು.

ಮದುವೆ ಹುಕ್ಕೇರಿಯ ಮಂಗಲ ಕಾರ್ಯಾಲಯದಲ್ಲಿ. ವೈನಿ ಬೆಳಿಗ್ಗೆಯೇ ಬಂದರು, ಸ್ಟೂಲು ಕೇಳಿದರು, ಹತ್ತಿ ನಿಂತರು. ತಲೆಗೆ ರುಮಾಲು ಸುತ್ತಿಕೊಂಡು ಕುಳಿತ ನನ್ನ ಕಣ್ಣು ಮಾತ್ರ ಆ ಕರಿ ಕ್ಯಾಮೆರಾದ ಮೇಲೆ. ಅಕ್ಷತೆಯ ಅಕ್ಕಿಕಾಳು ಬೀಳುವ ಹೊತ್ತಿನಲ್ಲಿ ತಡೆಯಲಾಗದೆ, "ವೈನಿ, ಒಳಗ ಕತ್ತಲಿ ಐತಿ, ಫ್ಲ್ಯಾಶ್ ಹಾಕ್ರಿ," ಎಂದು ಕೂಗಿದೆ. ಅವರು ಕ್ಯಾಮೆರಾದಿಂದ ಕಣ್ಣು ತೆಗೆಯದೆ, "ಮೂವತ್ತಾರ ಅಣ್ಣಾರ, ಇವತ್ತ ನೀವು ಹೆಣ್ಣಿನ ಅಪ್ಪ ಅದೀರಿ. ಅಷ್ಟ ಮಾಡ್ರಿ ಸಾಕು," ಅಂದರು. ಬೀಗರ ಗುಂಪೆಲ್ಲ ನಕ್ಕಿತು.

ಸೂರ್ಯ ಇಳಿಯುವ ಮುಂಚೆ ಅವರು ಕ್ಯಾಮೆರಾ ಚೀಲಕ್ಕೆ ಹಾಕಿ ಎದ್ದರು. ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಹೆಣ್ಣನ್ನು ಒಪ್ಪಿಸಿಕೊಡುವ ಹೊತ್ತು ಹತ್ತಿರ ಬಂದಿತ್ತು. ನಾನು ಯಾವುದಾದರೂ ಮದುವೆಯಲ್ಲಿ ಹೀಗೆ ಎದ್ದು ಹೋಗಿದ್ದರೆ ನನ್ನನ್ನು ಬಿಟ್ಟೇ ಮುಗಿಸುತ್ತಿದ್ದರು. ವೈನಿಗಾಗಿ ಇಡೀ ದಿಬ್ಬಣ ಕಾಯಿತು. "ಉಣ್ಲಿ ಬಿಡ್ರಿ, ಅವಸರೇನೈತಿ," ಅಂದರು ನನ್ನ ಬೀಗರು. ವೈನಿ ಪಂಕ್ತಿಯ ಕೊನೆಯಲ್ಲಿ ಕುಳಿತು ನಿಧಾನವಾಗಿ ಉಂಡು, ಕೈ ತೊಳೆದು, ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು ಬಂದರು. ಅಷ್ಟರಲ್ಲಿ ಮಬ್ಬು ಕವಿದಿತ್ತು. ನನ್ನ ಕ್ಯಾಮೆರಾ ಆಗಿದ್ದರೆ ಆ ಬೆಳಕಿನಲ್ಲಿ ಚುಕ್ಕೆ ಬಿಟ್ಟು ಇನ್ನೇನೂ ಬರುತ್ತಿರಲಿಲ್ಲ. ಅವರು ಆಗಲೂ ಫ್ಲ್ಯಾಶ್ ಹಾಕಲಿಲ್ಲ. ಹೇಗೆ ತೆಗೆಯುತ್ತಾರೆ ನೋಡೋಣ, ಇಲ್ಲಿಯಾದರೂ ಕೆಡುತ್ತದೆ ಎಂದುಕೊಂಡು ನಾನು ಮಗಳ ಕೈಯನ್ನು ಅವಳ ಅತ್ತೆಯ ಕೈಯಲ್ಲಿಟ್ಟೆ. ಹೆಂಗಸರೆಲ್ಲ ಅಳುತ್ತಿದ್ದರು. ಮಗಳು ಹೋದಳು.

ಅದಾಗಿ ಎಷ್ಟೋ ದಿನದ ಮೇಲೆ ಆಲ್ಬಮ್ ತರಲು ನಾನೇ ಮೂಡಲಗಿಗೆ ಹೋದೆ. ಆಲ್ಬಮ್ ಕಟ್ಟಿ ಇಟ್ಟಿದ್ದರು. ಅದನ್ನು ಕೊಡುವ ಮೊದಲು ಕಂಪ್ಯೂಟರಿನ ಮುಂದೆ ಕೂರಿಸಿದರು. "ಒಂದ ಫೋಟೋ ಇದರಾಗ ಹಾಕಿಲ್ರಿ. ಹಾಕಬೇಕೋ ಬ್ಯಾಡೋ ನೀವ ಹೇಳ್ರಿ."

ಒಪ್ಪಿಸಿಕೊಡುವ ಫೋಟೋ. ನಾನು, ಮಗಳು, ಹೆಂಡತಿ, ಬೀಗತಿ, ನಾಲ್ವರೂ ಒಂದೇ ಸಾಲಿನಲ್ಲಿ. ಹಿಂದಿನ ಮಂದಿಯೆಲ್ಲ ಮಬ್ಬಿನಲ್ಲಿ ಕರಗಿದ್ದಾರೆ. ನಾನು ಕಾಯುತ್ತಿದ್ದದ್ದೇ ಇದಕ್ಕೆ. ಆ ಬೆಳಕಿನಲ್ಲಿ ತೆಗೆದದ್ದನ್ನು ಹಿಗ್ಗಿಸಿದರೆ ಒಡೆಯಲೇಬೇಕು. "ದೊಡ್ಡದ ಮಾಡ್ರಿ," ಅಂದೆ. ದೊಡ್ಡದು ಮಾಡಿದರು. "ಇನ್ನೂ ಮಾಡ್ರಿ." ನನ್ನ ಮುಖ ಪರದೆಯ ತುಂಬ ಬಂತು. ರವೆ ಇಲ್ಲ, ಚುಕ್ಕೆ ಇಲ್ಲ. ರುಮಾಲಿನ ಅಂಚು, ಬೆಳಿಗ್ಗೆ ಕ್ಷೌರದಲ್ಲಿ ಉಳಿದ ಬಿಳಿ ಕೂದಲು, ಕಣ್ಣು. ಕಣ್ಣು ನೇರ ಕ್ಯಾಮೆರಾದ ಕಡೆ ಇತ್ತು. ಸಿಟ್ಟಿನಿಂದ, ಆಸೆಯಿಂದ, ಪರರ ಎಲೆಯ ಹೋಳಿಗೆ ನೋಡುವವನ ಹಾಗೆ. ಹೊಟ್ಟೆಕಿಚ್ಚು ಹೇಗಿರುತ್ತದೆ ಎಂದು ನಾನು ಮೊದಲ ಸಲ ಹೊರಗಿನಿಂದ ನೋಡಿದೆ.

"ಫ್ಲ್ಯಾಶ್ ಹಾಕಲಿಲ್ಲಲ್ಲ ಅಂತ ನೋಡಾಕತ್ತಿದ್ದೆ," ಅಂದೆ.

ವೈನಿ ಏನೂ ಆಡಿಕೊಳ್ಳಲಿಲ್ಲ. ಆವತ್ತೂ ಆಡಿಕೊಂಡಿದ್ದರೆ ಚೆನ್ನಾಗಿತ್ತು. ಫೋಟೋವನ್ನು ಅಷ್ಟೇ ದೊಡ್ಡದಿರುವಂತೆಯೇ ನಿಧಾನವಾಗಿ ಪಕ್ಕಕ್ಕೆ ಸರಿಸಿದರು. ನನ್ನ ಭುಜ ಬಂತು, ಮಗಳ ಜಡೆಯ ಹೂವು ಬಂತು, ಆಮೇಲೆ ಅವಳ ಮುಖ. ಕಣ್ಣ ತುದಿಯಲ್ಲಿ ನೀರು ಇನ್ನೂ ಇಳಿದಿರಲಿಲ್ಲ, ನಿಂತಿತ್ತು. ಅವಳು ಅತ್ತೆಯ ಕಡೆ ನೋಡುತ್ತಿರಲಿಲ್ಲ, ತಾಯಿಯ ಕಡೆಯೂ ನೋಡುತ್ತಿರಲಿಲ್ಲ.

"ಆಕಿ ಯಾರ ಕಡೆ ನೋಡಾಕತ್ತಾಳ ನೋಡ್ರಿ ಅಣ್ಣಾರ," ಅಂದರು ವೈನಿ.

ಅದನ್ನು ಆಲ್ಬಮ್ಮಿನಲ್ಲಿ ಹಾಕಬೇಡಿ ಅಂದೆ. ಒಂದು ಪ್ರಿಂಟು ಹಾಕಿ ಕಾಗದದಲ್ಲಿ ಸುತ್ತಿ ಕೊಟ್ಟರು. ಅದು ನನ್ನ ಕಪಾಟಿನಲ್ಲಿದೆ, ಹೆಂಡತಿಗೂ ತೋರಿಸಿಲ್ಲ. ಆಮೇಲೆ ನಾನೂ ದೊಡ್ಡ ಕ್ಯಾಮೆರಾ ಕೊಂಡೆ, ವೈನಿಯದಕ್ಕಿಂತ ದೊಡ್ಡದು. ನೂರಾರು ಊರಿನ ಹೆಣ್ಣುಮಕ್ಕಳನ್ನು ಒಪ್ಪಿಸಿಕೊಡುವ ಫೋಟೋ ತೆಗೆದೆ, ಫ್ಲ್ಯಾಶ್ ಹಾಕದೆ, ಮಬ್ಬಿನಲ್ಲಿ. ಎಲ್ಲವೂ ಚೆನ್ನಾಗಿ ಬಂದಿವೆ. ನನ್ನ ಮಗಳು ಹೋಗುವಾಗಿನ ಮುಖ ಮಾತ್ರ ಎಷ್ಟು ನೆನೆಸಿಕೊಂಡರೂ ನೆನಪಿಗೆ ಬರುವುದಿಲ್ಲ. ನೋಡಬೇಕೆನಿಸಿದರೆ ಕಪಾಟು ತೆರೆಯಬೇಕು. ವೈನಿ ಸತ್ತ ಮೇಲೂ ನನ್ನ ಹೊಟ್ಟೆ ತಣ್ಣಗಾಗಿಲ್ಲ. ನನ್ನ ಮಗಳು ನನ್ನನ್ನು ನೋಡಿದಳು, ಅದನ್ನು ಕಂಡವರು ಅವರು.